ಓದಿದ ಬಭ್ರುವಾಹನ, ನೋಡಿದ ಬಭ್ರುವಾಹನ

ಪುಸ್ತಕವನ್ನು ಮೊದಲು ಓದಿ, ಅನಂತರ ಅದರಿಂದ ಮಾಡಿದ ಚಲಚ್ಚಿತ್ರವನ್ನು ನೋಡಲು ಹೋದವರು, ಆಟ ಮುಗಿದು ಹೊರಗೆ ಬರುವಾಗ ಸಾಮಾನ್ಯವಾಗಿ ಆಡುವ ಮಾತು ಒಂದೇ: ‘ಪುಸ್ತಕದಲ್ಲಿ ಇದ್ದ ಹಾಗೆ ಇಲ್ಲ.’ ಈ ಮಾತನ್ನು ದೂರಾಗಿ ಹೇಳುವವರೇ ಹೆಚ್ಚು. ಇರಬೇಕಾದುದು ಪುಸ್ತಕದ ಹಾಗೆಯೇ ಏಕೆ ಎಂದು ಕೇಳುವವರು ಕಡಮೆ. ನಾನೂ ಬಹುಕಾಲ ದೂರುವವರ ಪಂಕ್ತಿಯಲ್ಲಿಯೇ ಇದ್ದವನು. ಕಳೆದ ಮಳೆಗಾಲದಲ್ಲಿ ಎರಡು ಗ್ರಂಥಗಳನ್ನು ಓದಿ, ನಡುವೆ ಒಂದು ಹಳೆಯ ಚಿತ್ರವನ್ನು ಮತ್ತೊಮ್ಮೆ ನೋಡಿದ ಮೇಲೆ ನನ್ನ ಅಭಿಪ್ರಾಯ ಸ್ವಲ್ಪ ಸಡಿಲವಾಗಿದೆ. ಆ ಸಂಗತಿಯನ್ನೇ ಈ ಹೊತ್ತು ತಮ್ಮೊಡನೆ ಹಂಚಿಕೊಳ್ಳಬೇಕೆಂದಿದ್ದೇನೆ.

ಗ್ರಂಥಗಳಲ್ಲಿ ಮೊದಲನೆಯದು ಲಕ್ಷ್ಮೀಶನ ಜೈಮಿನಿಭಾರತ. ಎರಡನೆಯದು ಮೆಡೋಸ್ ಟೇಲರ್ ಸಾಹೇಬರು ಇಂಗ್ಲಿಷಿನಲ್ಲಿ ಬರೆದ ಆತ್ಮಚರಿತ್ರೆ. ಇವೆರಡಕ್ಕೂ ಏನು ಸಂಬಂಧವೆಂದು ತಾವು ಕೇಳಬಹುದು. ಕೃಷ್ಣಾ ಭೀಮಾ ನದಿಗಳ ನಡುವಣ ನಮ್ಮ ಸುರಪುರವೇ ಆ ಸಂಬಂಧ. ಟೇಲರ್ ಸಾಹೇಬರು 1841ರಿಂದ 1853ರವರೆಗೆ ಸುರಪುರದಲ್ಲಿ ಅಧಿಕಾರ ನಡೆಸಿದವರು. ಅವರು ಗುಡ್ಡದ ಮೇಲೆ ಕಟ್ಟಿಸಿದ ಬಂಗಲೆ ಟೇಲರ್ ಮಂಜಿಲ್ ಎಂಬ ಹೆಸರಿನಿಂದ ಇಂದಿಗೂ ನಿಂತಿದೆ. ಲಕ್ಷ್ಮೀಶನಾದರೋ ತಾನು ದೇವಪುರದವನೆಂದು ಹೇಳಿಕೊಂಡಿದ್ದಾನೆ. ಆ ದೇವಪುರವು ಕಡೂರು ಸೀಮೆಯ ದೇವನೂರೇ ಎಂದು ಬಹುಮಂದಿ ವಿದ್ವಾಂಸರು ಹೇಳುತ್ತಾರೆ. ಸುರಪುರದ ಬಳಿಯ ದೇವಾಪುರವೆಂದು ನಮ್ಮ ಕಡೆಯವರು ಹೇಳುತ್ತೇವೆ. ವಿದ್ವಾಂಸರು ತಮ್ಮ ಆಧಾರಗಳನ್ನು ಎಣಿಸಿ ತೋರಿಸಿದಾಗಲೆಲ್ಲ ನಾವು ವಿನಯದಿಂದ ಕೇಳಿ, ಊರಿಗೆ ಹಿಂದಿರುಗಿ, ಮೊದಲಿನಂತೆಯೇ ನಂಬಿಕೊಂಡಿರುತ್ತೇವೆ.

ಈ ನಂಬಿಕೆಗೆ ಒಂದು ಕಾರಣವುಂಟು. ನಮ್ಮ ತಂದೆಯವರ ಕಾಲದಲ್ಲಿ ಈ ಪ್ರಾಂತವೆಲ್ಲ ನಿಜಾಮರ ಆಳ್ವಿಕೆಯಲ್ಲಿತ್ತು. ಶಹಾಪುರದ ಸಮೀಪದ ಹಳ್ಳಿಯಲ್ಲಿ ಹುಟ್ಟಿದ ಅವರು ಶಾಲೆಯಲ್ಲಿ ಕಲಿತದ್ದು ಉರ್ದು. ಲೆಕ್ಕ, ಭೂಗೋಳ, ಚರಿತ್ರೆ ಎಲ್ಲವೂ ಉರ್ದುವಿನಲ್ಲಿಯೇ. ಕನ್ನಡದ ಅಕ್ಷರವನ್ನು ಅವರು ತಿದ್ದಿದ್ದು ಮನೆಯ ಪಡಸಾಲೆಯಲ್ಲಿ. ಅವರಿಗಿದ್ದ ಪಠ್ಯಪುಸ್ತಕ ಒಂದೇ, ಅಂಚು ಸವೆದ ಜೈಮಿನಿ. ಮೂವತ್ತುನಾಲ್ಕು ಸಂಧಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅವರಿಗೆ ಕಂಠಪಾಠವಾಗಿತ್ತು. ಮುಂದೆ ಅವರು ಉಪಾಧ್ಯಾಯರಾದರು. 1956ರಲ್ಲಿ ನಮ್ಮ ಸೀಮೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಕನ್ನಡವನ್ನೇ ಪಾಠ ಹೇಳಿದರು. ಅವರ ಮಟ್ಟಿಗೆ ಕನ್ನಡವೆಂದರೆ ವಾರ್ಧಕ ಷಟ್ಪದಿ. ಮಿಕ್ಕುದೆಲ್ಲವೂ ಅದರ ವ್ಯಾಖ್ಯಾನ.

1977ರಲ್ಲಿ ‘ಬಭ್ರುವಾಹನ’ ಚಿತ್ರ ಬಂದಿತು. ಹುಣಸೂರು ಕೃಷ್ಣಮೂರ್ತಿಯವರ ನಿರ್ದೇಶನ, ಟಿ. ಜಿ. ಲಿಂಗಪ್ಪನವರ ಸಂಗೀತ. ಅರ್ಜುನನಾಗಿಯೂ ಅವನ ಮಗ ಬಭ್ರುವಾಹನನಾಗಿಯೂ ರಾಜಕುಮಾರ್ ಅವರೇ, ಚಿತ್ರಾಂಗದೆಯಾಗಿ ಬಿ. ಸರೋಜಾದೇವಿ. ಯಾದಗಿರಿಗೆ ಆ ಚಿತ್ರ ಬಂದಾಗ ನಾನು ಕಾಲೇಜಿನ ವಿದ್ಯಾರ್ಥಿ. ಹೇಗಾದರೂ ತಂದೆಯವರನ್ನು ಕರೆದೊಯ್ಯಬೇಕೆಂದು ಹಟ ಹಿಡಿದೆನು. ಅವರು ಒಪ್ಪಲಿಲ್ಲ. “ತಮ್ಮಾ, ಜೈಮಿನಿ ಕೇಳೋದದ, ನೋಡೋದಲ್ಲ” ಎಂದರು. ಮೂರು ದಿನ ಇದೇ ಮಾತಾಯಿತು. ನಾಲ್ಕನೆಯ ದಿನ ತಾವೇ ರುಮಾಲು ಸುತ್ತಿಕೊಂಡು ಬಸ್ಸಿಗೆ ಹೊರಟು ನಿಂತರು.

ಕಥೆ ತಮಗೆ ತಿಳಿದುದೇ ಆದರೂ, ಮುಂದಿನ ಮಾತಿಗೆ ಬೇಕಾದಷ್ಟನ್ನು ಜ್ಞಾಪಿಸುತ್ತೇನೆ. ಧರ್ಮರಾಯನ ಅಶ್ವಮೇಧದ ಕುದುರೆ ದೇಶದೇಶಗಳಲ್ಲಿ ತಿರುಗಿ ಮಣಿಪುರಕ್ಕೆ ಬರುತ್ತದೆ. ಅಲ್ಲಿಯ ದೊರೆ ಬಭ್ರುವಾಹನ ಅದನ್ನು ಕಟ್ಟುತ್ತಾನೆ. ಕುದುರೆಯ ಹಿಂದೆ ಬಂದವನು ನಿನ್ನ ತಂದೆಯೆಂದು ತಾಯಿ ಚಿತ್ರಾಂಗದೆ ತಿಳಿಸಿದೊಡನೆ, ಕಾಣಿಕೆಗಳನ್ನು ಹೊರಿಸಿಕೊಂಡು, ಕುದುರೆಯನ್ನೂ ರಾಜ್ಯವನ್ನೂ ಒಪ್ಪಿಸಲು ಬಂದು ಅರ್ಜುನನ ಪಾದಗಳಲ್ಲಿ ತಲೆಯಿಡುತ್ತಾನೆ. ಅರ್ಜುನ ಆ ತಲೆಯನ್ನು ಒದೆಯುತ್ತಾನೆ. ತನಗೆ ಹುಟ್ಟಿದ ಮಗನೆಂದರೆ ಅಭಿಮನ್ಯು; ಕಟ್ಟಿದ ಕುದುರೆಯನ್ನು ಹೆದರಿ ಬಿಡುವವನು ತನ್ನ ಮಗನಾಗಲಾರನೆಂದು ಜರೆಯುತ್ತಾನೆ; ಆ ಜರೆಯುವಿಕೆ ತಾಯಿಯ ಶೀಲದವರೆಗೂ ಹೋಗುತ್ತದೆ. ಆಮೇಲೆ ಯುದ್ಧ. ಅರ್ಜುನ ಮಗನ ಬಾಣದಿಂದ ಮಡಿಯುತ್ತಾನೆ. ನಾಗಲೋಕದ ಸಂಜೀವಕ ಮಣಿಯಿಂದಲೂ ಕೃಷ್ಣನ ಕೃಪೆಯಿಂದಲೂ ಮತ್ತೆ ಏಳುತ್ತಾನೆ.

ಚಿತ್ರ ಮುಗಿದ ಮೇಲೆ ಶಹಾಪುರದ ಬಸ್ಸಿನಲ್ಲಿ ತಂದೆಯವರು ಭೀಮಾ ನದಿಯ ಸೇತುವೆ ದಾಟುವವರೆಗೂ ಮಾತನಾಡಲಿಲ್ಲ. ಅನಂತರ ಆಡಿದರು, ಊರು ಬರುವವರೆಗೂ ಆಡಿದರು. ಹಾಡುಗಳನ್ನು ಮೆಚ್ಚಿದರು. ತಂದೆಮಕ್ಕಳು ಯುದ್ಧಕ್ಕೆ ಮೊದಲು ಹಾಡಿನಲ್ಲಿಯೇ ಪರಸ್ಪರ ಮೂದಲಿಸುವ ಸನ್ನಿವೇಶವನ್ನು ವಿಶೇಷವಾಗಿ ಕೊಂಡಾಡಿದರು. ಅಲ್ಲಿನ ಮಾತಿನ ಬಿಗಿ ಲಕ್ಷ್ಮೀಶನಿಗೆ ನಾಚಿಕೆ ತರುವಂಥದಲ್ಲ ಎಂದರು. ಅವರ ಬಾಯಿಂದ ಇಷ್ಟು ಬಂದುದೇ ನನಗೆ ಆಶ್ಚರ್ಯ. ಆದರೆ ಅವರ ಆಕ್ಷೇಪಣೆಗಳು ಎರಡು ಇದ್ದವು.

ಮೊದಲನೆಯದು ಕುಶಲವರ ವಿಷಯ. ಜೈಮಿನಿಭಾರತದಲ್ಲಿ ತಂದೆಮಕ್ಕಳ ಈ ಕದನದ ನಡುವೆ ಕವಿ ಕಥೆಯನ್ನು ನಿಲ್ಲಿಸಿ, ರಾಮನು ತನ್ನ ಮಕ್ಕಳೊಡನೆಯೇ ಹೋರಿದ ವೃತ್ತಾಂತವನ್ನು ಸಂಧಿಗಳ ಮೇಲೆ ಸಂಧಿಗಳಾಗಿ ಹೇಳುತ್ತಾನೆ. ಕಾಡಿನಲ್ಲಿ ಬಿಡಲ್ಪಟ್ಟ ಸೀತೆಯ ದುಃಖವನ್ನು ಕೇಳಿ ಬಂದ ಕಿವಿಗೆ ಚಿತ್ರಾಂಗದೆಯ ದುಃಖ ಬೇರೆಯಾಗಿಯೇ ಕೇಳುತ್ತದೆ. ಆ ದಾರಿಯಲ್ಲದೆ ಮಣಿಪುರಕ್ಕೆ ಹೋಗಬಾರದೆಂಬುದು ತಂದೆಯವರ ಮತ. ನನಗೆ ಇದು ಆಗಲೂ ನ್ಯಾಯವಾಗಿ ತೋರಿತು, ಈಗಲೂ ತೋರುತ್ತದೆ. ಆದರೆ ಚಿತ್ರದವರ ಮೇಲೆ ಇದನ್ನು ಅಪರಾಧವಾಗಿ ಹೊರಿಸಲಾರೆ. ಮೂರು ಗಂಟೆಯ ಆಟದ ನಡುವೆ ಇನ್ನೊಂದು ರಾಮಾಯಣವನ್ನು ಆಡಿಸುವುದು ಯಾರಿಂದ ಸಾಧ್ಯ? ಪಡಸಾಲೆಯಲ್ಲಿ ಪುರಾಣ ಕೇಳುವವನಿಗೆ ನಾಳೆಯ ರಾತ್ರಿಯೂ ಉಂಟು, ನಾಡದು ರಾತ್ರಿಯೂ ಉಂಟು. ಟಿಕೀಟು ಕೊಂಡವನಿಗೆ ಅದೊಂದೇ ರಾತ್ರಿ.

ಎರಡನೆಯದೇ ನಮ್ಮಿಬ್ಬರ ನಿಜವಾದ ಜಗಳ. ತಂದೆಯೂ ಮಗನೂ ಒಬ್ಬನೇ ನಟನಾದುದು ತಪ್ಪೆಂದು ಅವರು ಸಾಧಿಸಿದರು. ಕಾವ್ಯದಲ್ಲಿ ಅರ್ಜುನ ಮಗನನ್ನು ಹಿಂದೆ ಕಂಡವನಲ್ಲ. ಅನ್ಯ ರಾಜನೊಬ್ಬ ಕುದುರೆಯನ್ನು ಕಟ್ಟಿ, ಮರುಕ್ಷಣದಲ್ಲಿ ಕಾಲಿಗೆ ಬಿದ್ದು ‘ನಾನು ನಿನ್ನ ಮಗ’ ಎಂದರೆ, ಕ್ಷತ್ರಿಯನಾದವನು ಸಂಶಯಪಡುವುದು ಸಹಜ. ತೆರೆಯ ಮೇಲಾದರೋ ಎದುರು ನಿಂತವನಿಗೆ ತನ್ನದೇ ಕಣ್ಣು, ತನ್ನದೇ ಮೂಗು. ಕನ್ನಡಿಯಲ್ಲಿ ದಿನವೂ ನೋಡುವ ಮುಖವನ್ನೇ ಗುರುತಿಸದವನು ಗಾಂಡೀವಿಯೋ ಗಾಂಪನೋ ಎಂದು ಕೇಳಿದರು. ನಾನು ಅಭಿಮಾನದಿಂದ ಏನೇನೋ ಉತ್ತರ ಕೊಟ್ಟೆನು. ಒಂದೂ ನಿಲ್ಲಲಿಲ್ಲ. ಅವರು ತೀರಿಕೊಂಡು ವರ್ಷಗಳಾದುವು. ಆ ಜಗಳ ಹಾಗೆಯೇ ಉಳಿದಿತ್ತು.

ಈ ಮಳೆಗಾಲದಲ್ಲಿ ಅವರ ಪ್ರತಿಯನ್ನೇ ತೆಗೆದು ಆ ಸಂಧಿಗಳನ್ನು ಗಟ್ಟಿಯಾಗಿ ಓದಿದೆನು. ವಾರ್ಧಕವನ್ನು ಮನಸ್ಸಿನಲ್ಲಿ ಓದಿಕೊಳ್ಳುವುದು ಬೀಸುವ ಕಲ್ಲನ್ನು ನೋಡುತ್ತ ಕುಳಿತಂತೆ, ಹಿಟ್ಟು ಬೀಳುವುದಿಲ್ಲ. ಮೂರನೆಯ ಸಾಲಿನ ಕೊನೆಯಲ್ಲಿ ಉಸಿರು ನಿಲ್ಲಬೇಕು, ಆರನೆಯದರ ಕೊನೆಯಲ್ಲಿ ಇಳಿಯಬೇಕು. ಹಾಗೆ ಓದುವಾಗ ಮೊದಲು ನನ್ನ ಕಣ್ಣಿಗೆ ಬೀಳದಿದ್ದ ಒಂದು ಸಂಗತಿ ಎದುರಾಯಿತು. ಈ ಯುದ್ಧದಲ್ಲಿ ಅರ್ಜುನನ ಪಕ್ಕದಲ್ಲಿ ನಿಂತವನು ವೃಷಕೇತು, ಅಂದರೆ ಕರ್ಣನ ಮಗ. ಅಣ್ಣನೆಂದು ತಿಳಿಯದೆ ಅರ್ಜುನ ಕೊಂದವನು ಕರ್ಣ. ಆ ಪಶ್ಚಾತ್ತಾಪವನ್ನು ಅವನ ಮಗನ ಮೇಲಣ ಪ್ರೀತಿಯಾಗಿ ಹೊತ್ತುಕೊಂಡು ತಿರುಗುತ್ತಿರುವ ಮನುಷ್ಯ ಇವನು. ವೃಷಕೇತು ಬಿದ್ದಾಗ ಗೋಳಾಡುತ್ತಾನೆ. ಒಮ್ಮೆ ಅರಿಯದೆ ಅಣ್ಣನನ್ನು ಕಳೆದುಕೊಂಡವನಿಗೆ, ಎದುರಿಗೆ ನಿಂತು ‘ನಾನು ನಿನ್ನವನು’ ಎನ್ನುವವನ ಮಾತನ್ನು ಒಂದು ಗಳಿಗೆ ತಡೆದು ಕೇಳಬೇಕೆಂಬ ಬುದ್ಧಿ ಬರಬೇಡವೆ? ಬರಲಿಲ್ಲ. ಅದು ಅರಿವಿನ ಕೊರತೆಯಲ್ಲವೆಂದು ನನಗೆ ಅನ್ನಿಸಿತು. ತನ್ನ ಹೆಮ್ಮೆಗೆ ತಕ್ಕ ರೂಪದಲ್ಲಿ ಮಗನು ಬರಲಿಲ್ಲವೆಂಬ ಕೋಪ ಅದು. ಶರಣು ಬಂದ ಮಗ ಅವನಿಗೆ ಬೇಕಿರಲಿಲ್ಲ.

ಅದಾದ ಮೇಲೆ ಚಿತ್ರವನ್ನು ಮತ್ತೆ ನೋಡಿದೆನು. ಮೊಮ್ಮಗನು ತನ್ನ ಕೈಫೋನಿನಲ್ಲಿ ಹುಡುಕಿ ತೋರಿಸಿದನು. ಯಾದಗಿರಿಯ ಆ ದೊಡ್ಡ ತೆರೆಯೆಲ್ಲಿ, ಅಂಗೈಯಗಲದ ಈ ತೆರೆಯೆಲ್ಲಿ! ಬಣ್ಣದ ಕಿರೀಟಗಳು, ಬಟ್ಟೆಯ ಮೇಲೆ ಬರೆದ ಆಕಾಶ, ತೀರ್ಥಯಾತ್ರೆಯ ನೆಪದಲ್ಲಿ ಅರ್ಜುನನ ವಿವಾಹಗಳಿಗೆ ಕೊಟ್ಟಿರುವ ದೀರ್ಘ ಅವಕಾಶ, ಇವು ಈಗ ಸ್ವಲ್ಪ ಆಯಾಸ ತರುತ್ತವೆ. ಆದರೆ ಆ ಮೂದಲಿಕೆಯ ಹಾಡು ಬಂದಾಗ ನಾನು ನೆಟ್ಟಗೆ ಕುಳಿತೆನು. ಹಾಡಿರುವವರು ಇಬ್ಬರು, ರಾಜಕುಮಾರ್ ಮತ್ತು ಪಿ. ಬಿ. ಶ್ರೀನಿವಾಸ್. ಮುಖ ಒಂದೇ, ಕಂಠ ಎರಡು. ಅರ್ಜುನ ತನ್ನ ಮುಖವನ್ನೇ ಹಂಗಿಸುತ್ತಿದ್ದಾನೆ. ಎದುರಿನಿಂದ ಬರುವ ಉತ್ತರ ಮಾತ್ರ ಅವನ ಕಂಠದ್ದಲ್ಲ. ತಂದೆಯವರು ದೋಷವೆಂದು ಹಿಡಿದುದೇ ಚಿತ್ರದ ಅತಿ ದೊಡ್ಡ ಮಾತಾಗಿ ನನಗೆ ತೋರಿತು. ಎರಡು ವೇಷಗಳನ್ನು ಒಬ್ಬ ನಟನಿಗೆ ಕೊಟ್ಟುದು ಜನಾಕರ್ಷಣೆಗಾಗಿಯೇ ಇದ್ದಿರಬಹುದು. ಕಾರಣ ಏನೇ ಇರಲಿ, ಫಲ ಹೀಗಾಗಿದೆ: ಗುರುತಿಸಲಾರದವನನ್ನು ಕಾವ್ಯದಲ್ಲಿ ನಾವು ಕ್ಷಮಿಸಬಹುದು, ಗುರುತಿಸಲೊಲ್ಲದವನನ್ನು ತೆರೆ ನಮ್ಮ ಮುಂದೆ ನಿಲ್ಲಿಸಿ, ಕ್ಷಮಿಸುವಿರಾ ಎಂದು ಕೇಳುತ್ತದೆ. ತಂದೆಯವರು ಇದ್ದಿದ್ದರೆ ಇದಕ್ಕೂ ಒಂದು ಪ್ರತ್ಯುತ್ತರ ಇದ್ದೇ ಇರುತ್ತಿತ್ತು.

ಜೈಮಿನಿಯ ಚಂದ್ರಹಾಸನ ಕಥೆಯೂ 1965ರಲ್ಲಿ ಬಿ. ಎಸ್. ರಂಗಾ ಅವರ ನಿರ್ದೇಶನದಲ್ಲಿ ಚಿತ್ರವಾಯಿತು. ಅದು ಕುಂತಳದಲ್ಲಿ ನಡೆಯುವ ಕಥೆ. ಕುಂತಳವೆಂಬುದು ನಮ್ಮ ಉತ್ತರದ ಸೀಮೆಗಿದ್ದ ಹಳೆಯ ಹೆಸರಾದುದರಿಂದ ಅದರ ಮೇಲೂ ನಮಗೆ ಕಣ್ಣುಂಟು. ಮಂತ್ರಿ ದುಷ್ಟಬುದ್ಧಿ ‘ವಿಷವ’ ಎಂದು ಬರೆದ ಓಲೆಯನ್ನು ಅವನ ಮಗಳೇ ಕಣ್ಣಿನ ಕಾಡಿಗೆಯಿಂದ ‘ವಿಷಯೆ’ ಎಂದು ತಿದ್ದಿ ಗಂಡನನ್ನು ಪಡೆಯುತ್ತಾಳೆ. ಒಂದು ಅಕ್ಷರದ ಮೇಲೆ ನಿಂತ ಇಂಥ ಕಥೆ ಓದುಬಲ್ಲವನಿಗೇ ಮೀಸಲೆಂದು ತೋರಬಹುದು. ಆದರೆ ಅಕ್ಷರ ಬಾರದ ನಮ್ಮ ಅಜ್ಜಿ ಅದನ್ನು ಕಿವಿಯಿಂದಲೇ ಹಿಡಿದು ನಗುತ್ತಿದ್ದಳು. ಚಿತ್ರವನ್ನು ತೀರ ಚಿಕ್ಕವನಾಗಿ ನೋಡಿದುದರಿಂದ ಅದರ ಮೇಲೆ ತೀರ್ಪು ಹೇಳುವ ಅಧಿಕಾರ ನನಗಿಲ್ಲ.

ಇನ್ನು ಎರಡನೆಯ ಗ್ರಂಥ. ಟೇಲರ್ ಸಾಹೇಬರು 1876ರಲ್ಲಿ ತೀರಿಕೊಂಡ ಮರುವರ್ಷ, 1877ರಲ್ಲಿ, ಈ ಆತ್ಮಚರಿತ್ರೆ ಹೊರಬಂದಿತು. ‘ಒಬ್ಬ ಠಕ್ಕನ ತಪ್ಪೊಪ್ಪಿಗೆ’ ಎಂಬರ್ಥದ ಹೆಸರಿನ ಕಾದಂಬರಿಯನ್ನು 1839ರಲ್ಲಿಯೇ ಬರೆದು ಇಂಗ್ಲೆಂಡಿನಲ್ಲಿ ಪ್ರಸಿದ್ಧರಾಗಿದ್ದವರು ಅವರು. ಕಥೆ ಹೇಳುವ ಹದ ಅವರಿಗೆ ಚೆನ್ನಾಗಿ ಗೊತ್ತು. ಸುರಪುರದ ಭಾಗಗಳನ್ನು ನಮ್ಮವರು ಓದಿದರೆ, ಆ ಗುಡ್ಡಗಳ ನಡುವಣ ಊರನ್ನು ಪರದೇಶದವನೊಬ್ಬ ಎಷ್ಟು ಪ್ರೀತಿಯಿಂದ ನೋಡಿದ್ದಾನೆಂದು ಬೆರಗಾಗುತ್ತದೆ. ಅವರು ಬಂದಾಗ ದೊರೆ ವೆಂಕಟಪ್ಪನಾಯಕರು ಇನ್ನೂ ಬಾಲಕರು. ಆ ಬಾಲಕ ಸಾಹೇಬರನ್ನು ‘ಅಪ್ಪಾ’ ಎಂದು ಕರೆಯುತ್ತಿದ್ದನು.

ಬಭ್ರುವಾಹನನನ್ನು ಓದಿ ಮುಗಿಸಿ ಈ ಪುಟಗಳಿಗೆ ಬಂದವನಿಗೆ ಆ ಒಂದು ಶಬ್ದದ ಮುಂದೆ ಕಣ್ಣು ಓಡುವುದಿಲ್ಲ. 1858ರ ಫೆಬ್ರವರಿಯಲ್ಲಿ ವೆಂಕಟಪ್ಪನಾಯಕರು ಇಂಗ್ಲಿಷರ ಸೈನ್ಯದೊಡನೆ ಕಾದಿದರು. ಸೋತು ಹೈದರಾಬಾದಿಗೆ ಹೋಗಿ ಅಲ್ಲಿ ಸೆರೆಸಿಕ್ಕರು. ಸೆರೆಯಲ್ಲಿ ಅವರನ್ನು ಕಾಣಲು ಟೇಲರ್ ಸಾಹೇಬರು ಹೋದರು. ಮರಣದಂಡನೆಯ ತೀರ್ಪು ಮೊದಲು ಜೀವಾವಧಿ ಗಡೀಪಾರಾಗಿ, ಕೊನೆಗೆ ನಾಲ್ಕು ವರ್ಷಗಳ ಸೆರೆಯಾಗಿ ಇಳಿಯಿತು. ಮದರಾಸಿನ ಹತ್ತಿರದ ಚೆಂಗಲ್ಪಟ್ಟಿಗೆ ಒಯ್ಯುತ್ತಿರುವಾಗ ದಾರಿಯಲ್ಲಿ ಪಿಸ್ತೂಲಿನ ಗುಂಡಿನಿಂದ ದೊರೆ ಮಡಿದರು. ಆಕಸ್ಮಿಕವೋ, ತಾವೇ ಹಾರಿಸಿಕೊಂಡರೋ, ನಮ್ಮೂರಿನ ಹಿರಿಯರು ಪಿಸುಮಾತಿನಲ್ಲಿ ಹೇಳುವಂತೆ ಮತ್ತೇನೋ. ಈ ದೊರೆಗೆ ಇಪ್ಪತ್ತನಾಲ್ಕನೆಯ ವರ್ಷದಲ್ಲಿ ಮೃತ್ಯುವೆಂದು ಜಾತಕದಲ್ಲಿ ಹೇಳಿದ್ದುದನ್ನು ಸಾಹೇಬರೇ ಬರೆದಿಟ್ಟಿದ್ದಾರೆ. ಮಣಿಪುರದಲ್ಲಿ ಸತ್ತವನು ತಂದೆ, ಅವನನ್ನು ಎಬ್ಬಿಸಲು ಮಣಿ ಬಂದಿತು. ಇಲ್ಲಿ ಸತ್ತವನು ಮಗ. 1860ರಲ್ಲಿ ಸುರಪುರವನ್ನು ಇಂಗ್ಲಿಷರು ನಿಜಾಮರಿಗೆ ಕೊಟ್ಟುಬಿಟ್ಟರು.

ಸಾಹೇಬರ ದುಃಖ ನಿಜವಾದುದೆಂದು ನಾನು ನಂಬುತ್ತೇನೆ. ಆದರೂ ಆ ಪುಟಗಳಲ್ಲಿ ಒಂದು ಕೊರತೆಯುಂಟು: ದೊರೆ ಆಡಿದ ಮಾತೆಲ್ಲವೂ ನಮಗೆ ದೊರೆಯುವುದು ಅಪ್ಪನೆನಿಸಿಕೊಂಡವನ ಲೇಖನಿಯಿಂದ. ಮೂದಲಿಕೆಗೆ ಮೂದಲಿಕೆ, ಪದಕ್ಕೆ ಪದ ಎಂದು ಲಕ್ಷ್ಮೀಶನು ಮಗನಿಗೆ ಬಿಟ್ಟುಕೊಟ್ಟ ಅವಕಾಶ ಇಲ್ಲಿಲ್ಲ. ಈ ಗ್ರಂಥವನ್ನು ಯಾರಾದರೂ ಚಿತ್ರವಾಗಿ ಮಾಡಹೊರಟರೆ, ‘ಪುಸ್ತಕದ ಹಾಗೆ ಇಲ್ಲ’ ಎಂಬ ದೂರನ್ನು ಬೆನ್ನಿಗೆ ಕಟ್ಟಿಕೊಂಡೇ ಹೊರಡಬೇಕೆಂದು ನಾನು ಕೇಳಿಕೊಳ್ಳುತ್ತೇನೆ. ಸೆರೆಮನೆಯ ಆ ಭೇಟಿಯಲ್ಲಿ ದೊರೆಯ ಮುಖವನ್ನು ನಾವು ನೋಡಬೇಕು. ಅಲ್ಲಿ ಮಾತು ಮೊದಲಾಗುವುದು ಅವನಿಂದಾಗಬೇಕು, ಅದೂ ಸುರಪುರದ ಕನ್ನಡದಲ್ಲಿ. ಎರಡು ವೇಷಗಳನ್ನು ಒಬ್ಬನೇ ನಟನಿಗೆ ಕೊಡುವ ಅನುಕೂಲ ಮಾತ್ರ ಅವರಿಗೆ ಸಿಗದು.