ಕಾರುಗಳ ಸಂಖ್ಯೆಯನ್ನು ಗೊತ್ತುಮಾಡುವವರು ಯಾರು?

(ಕಾರ್ಮಿಕರ ಅಭ್ಯಾಸವರ್ಗದಲ್ಲಿ ಮಾಡಿದ ಭಾಷಣ)



ಈ ಸಂಜೆ ನಾನು ಮೋಟಾರು ಕಾರಿನ ವಿಷಯ ಮಾತನಾಡುತ್ತೇನೆಂದು ಕೇಳಿ ನಿಮ್ಮಲ್ಲಿ ಕೆಲವರು ನಕ್ಕಿರಬಹುದು. ಬಸ್ಸಿನಲ್ಲೋ ಸೈಕಲ್ಲಿನಲ್ಲೋ ಪಾಳಿಗೆ ಹೋಗುವವರಿಗೆ ಕಾರಿನ ಲೆಕ್ಕವೇಕೆ? ಕಾರಣ ಸರಳವಾಗಿದೆ. ಕಾರು ಉಳ್ಳವನೂ ಇಲ್ಲದವನೂ ಓಡಾಡುವುದು ಒಂದೇ ರಸ್ತೆಯಲ್ಲಿ. ಆ ರಸ್ತೆಗೆ ಸುರಿಯುವ ಹಣ ನಮ್ಮೆಲ್ಲರ ತೆರಿಗೆಯದು. ಬೆಂಕಿಪೊಟ್ಟಣ ಕೊಳ್ಳುವವನೂ ಅದಕ್ಕೆ ತನ್ನ ಪಾಲು ಕೊಟ್ಟಿದ್ದಾನೆ.

ಅಮೆರಿಕದಲ್ಲಿ ನೂರು ಜನಕ್ಕೆ ಎಂಬತ್ತಕ್ಕೂ ಹೆಚ್ಚು ಮೋಟಾರು ವಾಹನಗಳಿವೆ. ಸಿಂಗಪುರದಲ್ಲಿ ನೂರು ಜನಕ್ಕೆ ಸುಮಾರು 11 ಕಾರು. ನಮ್ಮ ದೇಶದಲ್ಲಿ ಮೂರೋ ನಾಲ್ಕೋ. ಈ ಅಂತರ ಹೇಗೆ ಬಂತು? ಕೇಳಿದರೆ ಎರಡು ಉತ್ತರ ಬರುತ್ತವೆ. ಒಬ್ಬರು "ಹಣ" ಎನ್ನುತ್ತಾರೆ, ಇನ್ನೊಬ್ಬರು "ರಸ್ತೆ" ಎನ್ನುತ್ತಾರೆ. ಎರಡನ್ನೂ ತಕ್ಕಡಿಯಲ್ಲಿಟ್ಟು ನೋಡೋಣ.

ಮೊದಲು ರಸ್ತೆ. ಭಾರತದ ರಸ್ತೆಗಳ ಒಟ್ಟು ಉದ್ದ ಸುಮಾರು 63 ಲಕ್ಷ ಕಿಲೋಮೀಟರು. ಅಮೆರಿಕದ್ದು ಸುಮಾರು 67 ಲಕ್ಷ. ನಮ್ಮದರಲ್ಲಿ ಹಳ್ಳಿಯ ಕಿರುದಾರಿಗಳು ಬಹಳವೆಂಬುದು ನಿಜ. ಆದರೂ ಉದ್ದದಲ್ಲಿ ನಾವು ಅಷ್ಟೇನೂ ಹಿಂದಿಲ್ಲ. ಕಾರಿನಲ್ಲಿ ಮಾತ್ರ ಅಜಗಜಾಂತರ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮಲ್ಲಿ ಕಾರು ಇರುವ ಮನೆಗಳು ನೂರರಲ್ಲಿ ಸುಮಾರು 8. ಸೈಕಲ್ಲು ಇರುವ ಮನೆಗಳು ಅರ್ಧದಷ್ಟು. ಸ್ಕೂಟರೋ ಮೋಟಾರ್ ಸೈಕಲ್ಲೋ ಇರುವ ಮನೆಗಳೂ ಹೆಚ್ಚುಕಡಿಮೆ ಅಷ್ಟೇ. ಅಂದಮೇಲೆ ರಸ್ತೆ ಇದ್ದಮಾತ್ರಕ್ಕೆ ಕಾರು ಬರುವುದಿಲ್ಲ.

ಇದಕ್ಕೆ ಜರ್ಮನಿಯ ಕಥೆ ಒಳ್ಳೆಯ ಸಾಕ್ಷಿ. ಹಿಟ್ಲರನ ಸರಕಾರ 1933ರಲ್ಲಿ ಕಾರ್ಮಿಕ ಸಂಘಗಳನ್ನು ಒಡೆದು ಹಾಕಿತು. ಅನಂತರ ಭಾರಿ ಹೆದ್ದಾರಿಗಳನ್ನು ಕಟ್ಟಿಸಿತು. 1938ರ ಕೊನೆಯ ಹೊತ್ತಿಗೆ 3,000 ಕಿಲೋಮೀಟರು ಸಿದ್ಧವಾಗಿತ್ತು. ಅದರ ಮೇಲೆ ಓಡುವ ಕಾರುಗಳು ವಿರಳ. ಆಗ ಕಾರ್ಮಿಕರಿಗೆ ಒಂದು ಯೋಜನೆ ಬಂತು: ವಾರಕ್ಕೆ 5 ಮಾರ್ಕಿನ ಚೀಟಿ ಕೊಂಡು ಪುಸ್ತಕಕ್ಕೆ ಅಂಟಿಸುತ್ತಾ ಹೋಗಿರಿ, 990 ಮಾರ್ಕಿನ ಕಾರು ನಿಮ್ಮದಾಗುತ್ತದೆ. ಲೆಕ್ಕ ಹಾಕಿದರೆ ಸುಮಾರು ನಾಲ್ಕು ವರ್ಷದ ಉಳಿತಾಯ. ಸುಮಾರು 3 ಲಕ್ಷ 36 ಸಾವಿರ ಜನ ಹಣ ಕಟ್ಟಿದರು. ಒಬ್ಬರಿಗೂ ಆ ಪುಸ್ತಕದ ಮೇಲೆ ಕಾರು ದೊರೆಯಲಿಲ್ಲ. ಕಾರ್ಖಾನೆ ಸೈನ್ಯದ ವಾಹನಗಳನ್ನು ಮಾಡತೊಡಗಿತು. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದ ಹಾಗಾಯಿತು. ಅದೇ ಕಾರ್ಖಾನೆಯಿಂದ ಹತ್ತು ಲಕ್ಷದ ಕಾರು ಹೊರಬಿದ್ದದ್ದು 1955ರಲ್ಲಿ, ಯುದ್ಧ ಮುಗಿದು ಪಶ್ಚಿಮ ಜರ್ಮನಿಯ ಕೆಲಸಗಾರನ ಕೂಲಿ ಏರತೊಡಗಿದ ಮೇಲೆ.

ಹಾಗಾದರೆ ಹಣವೇ ಮೂಲ. 1908ರಲ್ಲಿ ಫೋರ್ಡ್ ಕಂಪನಿಯ "ಟಿ" ಮಾದರಿಯ ಕಾರಿಗೆ 850 ಡಾಲರು. 1920ರ ದಶಕದ ನಡುವಿಗೆ ಅದು 300 ಡಾಲರಿಗಿಂತ ಕೆಳಗಿಳಿದಿತ್ತು. ಈ ನಡುವೆ, 1914ರಲ್ಲಿ, ಕೆಲಸ ಬಿಟ್ಟು ಓಡುತ್ತಿದ್ದವರನ್ನು ತಡೆಯಲು ಕಂಪನಿ ಕೆಲವು ಷರತ್ತುಗಳೊಡನೆ ದಿನಕ್ಕೆ 5 ಡಾಲರು ಕೊಡಲಾರಂಭಿಸಿತು. ಎರಡು ತಿಂಗಳ ದುಡಿಮೆಯ ಬೆಲೆಗೆ ಒಂದು ಕಾರು! 1929ರ ವೇಳೆಗೆ ಅಮೆರಿಕದಲ್ಲಿ ಐದು ಜನಕ್ಕೊಂದು ಕಾರು ಬಂದಿತ್ತು.

ಡಾರ್ಗೆ, ಗೇಟ್ಲಿ, ಸೊಮರ್ ಎಂಬ ಮೂವರು ಅರ್ಥಶಾಸ್ತ್ರಜ್ಞರು 1960ರಿಂದ ಮುಂದಿನ ಲೆಕ್ಕಗಳನ್ನು 45 ದೇಶಗಳಿಂದ ತೆಗೆದು 2007ರಲ್ಲಿ ಪ್ರಕಟಿಸಿದರು. ದೇಶ ಬಡವಾಗಿರುವಾಗ ವಾಹನಗಳು ನಿಧಾನವಾಗಿ ಹೆಚ್ಚುತ್ತವೆ. ವರಮಾನ ನಡುಮಟ್ಟಕ್ಕೆ ಬಂದಾಗ ವರಮಾನಕ್ಕಿಂತ ಎರಡು ಪಟ್ಟು ವೇಗದಲ್ಲಿ ಏರುತ್ತವೆ. ಇನ್ನೂ ಮೇಲೆ ಹೋದರೆ ವೇಗ ತಗ್ಗಿ ಒಂದು ಮಿತಿಯ ಬಳಿ ನಿಲ್ಲುತ್ತವೆ. ಆದರೆ ಆ ಮಿತಿ ಎಲ್ಲ ದೇಶಕ್ಕೂ ಒಂದೇ ಅಲ್ಲ. ನಮ್ಮ ಪ್ರಶ್ನೆ ನಿಜವಾಗಿ ತೊಡಗುವುದು ಇಲ್ಲಿಯೇ.

ಸಿಂಗಪುರದ ತಲಾ ವರಮಾನ ಅಮೆರಿಕದ್ದಕ್ಕೆ ಕಡಿಮೆಯೇನಲ್ಲ. ಹಣವೊಂದೇ ಕಾರಣವಾಗಿದ್ದರೆ ಅಲ್ಲಿಯೂ ಮನೆಗೆರಡು ಕಾರು ಇರಬೇಕಿತ್ತು. ಏಕಿಲ್ಲ? ಎರಡು ಸರಕಾರಗಳು ಮಾಡಿದ್ದನ್ನು ಪಕ್ಕಪಕ್ಕ ಇಟ್ಟು ನೋಡಿ.

ಅಮೆರಿಕದಲ್ಲಿ 1919ರಲ್ಲಿ ಆರೆಗಾನ್ ರಾಜ್ಯ ಮೊಟ್ಟಮೊದಲು ಪೆಟ್ರೋಲಿಗೆ ತೆರಿಗೆ ಹಾಕಿತು. ಹತ್ತು ವರ್ಷದಲ್ಲಿ ಎಲ್ಲ ರಾಜ್ಯಗಳೂ ಹಿಂಬಾಲಿಸಿದವು. 1956ರ ಹೆದ್ದಾರಿ ಕಾಯಿದೆಯಿಂದ 41,000 ಮೈಲಿಯ ಹೆದ್ದಾರಿಜಾಲ ಮಂಜೂರಾಯಿತು. ಖರ್ಚಿನಲ್ಲಿ ನೂರಕ್ಕೆ 90 ಕೇಂದ್ರ ಸರಕಾರದ್ದು. ಪೆಟ್ರೋಲ್ ತೆರಿಗೆಯ ಹಣವನ್ನು ಹೆದ್ದಾರಿಗೆಂದೇ ಬೇರೆ ನಿಧಿಯಲ್ಲಿಟ್ಟರು. ಇದು ಗಾಣದ ಎತ್ತಿನ ಸುತ್ತು. ಕಾರು ಓಡಿದಷ್ಟೂ ತೆರಿಗೆ, ತೆರಿಗೆ ಬಂದಷ್ಟೂ ರಸ್ತೆ, ರಸ್ತೆ ಬೆಳೆದಷ್ಟೂ ಕಾರು. ಮನೆಗಳು ಊರಿನಿಂದ ದೂರ ಸರಿದವು, ಅಂಗಡಿಗಳು ಅವುಗಳ ಹಿಂದೆ ಹೋದವು. ಕಡೆಗೆ ಕಾರಿಲ್ಲದವನಿಗೆ ಹಾಲು ತರುವುದೂ ಕಷ್ಟವಾಯಿತು. ಅಲ್ಲಿ ಅನೇಕ ಬಡವರು ಕಾರು ಇಟ್ಟುಕೊಂಡಿರುವುದು ಸುಖಕ್ಕಲ್ಲ, ಕೆಲಸಕ್ಕೆ ಹೋಗಲು ಬೇರೆ ದಾರಿಯಿಲ್ಲದೆ.

ಸಿಂಗಪುರ ಬೇರೆ ದಾರಿ ಹಿಡಿಯಿತು. ಆ ಪುಟ್ಟ ದ್ವೀಪದಲ್ಲಿ ನೂರಕ್ಕೆ ಸುಮಾರು 12 ಪಾಲು ನೆಲ ಆಗಲೇ ರಸ್ತೆಗೆ ಹೋಗಿದೆ. 1975ರಲ್ಲಿ ಬೆಳಗಿನ ಹೊತ್ತು ಪೇಟೆಯ ನಡುವೆ ಕಾರು ತರುವವರಿಗೆ ಸುಂಕ ಹಾಕಿದರು. 1990ರಿಂದ, ಕಾರು ಕೊಳ್ಳುವವನು ಮೊದಲು ಹರಾಜಿನಲ್ಲಿ ಹತ್ತು ವರ್ಷದ ಅರ್ಹತಾಪತ್ರ ಪಡೆಯಬೇಕು. 2023ರ ಅಕ್ಟೋಬರಿನಲ್ಲಿ ದೊಡ್ಡ ಕಾರಿನ ಅರ್ಹತಾಪತ್ರಕ್ಕೇ ಒಂದೂವರೆ ಲಕ್ಷ ಸಿಂಗಪುರ ಡಾಲರು ಬಿತ್ತು. ಕಾರಿನ ಬೆಲೆ ಬೇರೆ. ಇದರ ಜೊತೆಗೆ ರೈಲು ಮತ್ತು ಬಸ್ಸುಗಳನ್ನು ಬೆಳೆಸಿದರು. ಹಾಂಗ್‌ಕಾಂಗಿನಲ್ಲಿಯೂ ಹಾಗೆಯೇ: ಕಾರಿನ ನೋಂದಣಿಗೆ ಭಾರಿ ತೆರಿಗೆ. ದಿನನಿತ್ಯದ ಓಡಾಟದಲ್ಲಿ ನೂರಕ್ಕೆ ಸುಮಾರು 90 ಪಾಲು ಸಾರ್ವಜನಿಕ ವಾಹನಗಳಲ್ಲಿ.

ನೀವು ಕೇಳಬಹುದು: ಹರಾಜೆಂದರೆ ಕಾರು ಸಾಹುಕಾರನಿಗೇ ಸಲ್ಲಲಿಲ್ಲವೇ? ಪ್ರಶ್ನೆ ನ್ಯಾಯವಾದುದು. ಚೀನದಲ್ಲಿ ಈ ಎರಡು ರೀತಿಗಳೂ ಇವೆ. ಶಾಂಘಾಯಿಯಲ್ಲಿ ಕಾರಿನ ನಂಬರು ಹರಾಜಿಗೆ. ಬೀಜಿಂಗಿನಲ್ಲಿ 2011ರಿಂದ ಚೀಟಿ ಎತ್ತುತ್ತಾರೆ. ಚೀಟಿಯಲ್ಲಿ ಬಡವ ಬಲ್ಲಿದನೆಂಬ ಭೇದವಿಲ್ಲ, ಆದರೆ ಬೊಕ್ಕಸಕ್ಕೆ ಹಣವೂ ಬಾರದು. ಹರಾಜಿನಲ್ಲಿ ಹಣ ಬರುತ್ತದೆ. ಅದು ಬಸ್ಸಿಗೆ ಹೋಯಿತೋ, ಇನ್ನೊಂದು ಮೇಲ್ಸೇತುವೆಗೆ ಹೋಯಿತೋ ಎಂದು ನೋಡುವುದು ಪ್ರಜೆಯ ಕೆಲಸ. ಯಾವ ರೀತಿಯೂ ಕಳಂಕವಿಲ್ಲದ್ದಲ್ಲ. ಆದರೆ ಒಂದು ಮಾತು ಖಚಿತವಾಯಿತು. ಕಾರು ಕೊಳ್ಳುವ ಶಕ್ತಿಯನ್ನು ವರಮಾನ ಕೊಡುತ್ತದೆ. ಆ ಶಕ್ತಿ ಎಷ್ಟು ಕಾರುಗಳಾಗಿ ಬೀದಿಗೆ ಬರಬೇಕೆಂಬುದನ್ನು ರಸ್ತೆ, ತೆರಿಗೆ, ಬಸ್ಸು, ರೈಲುಗಳ ವಿಷಯದಲ್ಲಿ ಸರಕಾರ ಮಾಡುವ ತೀರ್ಮಾನ ಗೊತ್ತುಮಾಡುತ್ತದೆ. ಅದು ಹಣೆಬರಹವಲ್ಲ.

ಈಗ ನಮ್ಮ ಮನೆಯ ಮಾತು. ಅರ್ಥಶಾಸ್ತ್ರಜ್ಞರು ಹೇಳಿದ ಆ ಏರುದಾರಿಗೆ ಭಾರತ ಕಾಲಿಡುತ್ತಿದೆ. ಬೆಂಗಳೂರಿನಲ್ಲಿ ನೋಂದಣಿಯಾದ ವಾಹನಗಳು ಒಂದು ಕೋಟಿ ದಾಟಿವೆ. ಮೂರರಲ್ಲಿ ಎರಡು ಪಾಲು ದ್ವಿಚಕ್ರದವು. ದ್ವಿಚಕ್ರದವನು ನಾಳೆ ಕಾರು ಕೊಂಡರೆ ಅದನ್ನು ಎಲ್ಲಿ ನಿಲ್ಲಿಸುತ್ತಾನೆ? ಜಪಾನಿನಲ್ಲಿ 1962ರ ಕಾನೂನಿನ ಮೇರೆಗೆ ಕಾರು ನಿಲ್ಲಿಸಲು ಜಾಗವಿದೆಯೆಂದು ತೋರಿಸಬೇಕು. ನಮ್ಮಲ್ಲಿ ಬೀದಿಯೇ ಕೊಟ್ಟಿಗೆ.

ರಸ್ತೆ ಅಗಲಿಸಿದರೆ ಎಲ್ಲ ಸರಿಹೋಗುವುದೆಂದು ಹೇಳುವವರುಂಟು. ಅಮೆರಿಕದ ನಗರಗಳ ಲೆಕ್ಕ ನೋಡಿದ ಡುರಾಂಟನ್ ಮತ್ತು ಟರ್ನರ್ ಎಂಬ ವಿದ್ವಾಂಸರು 2011ರಲ್ಲಿ ತೋರಿಸಿದ್ದು ಬೇರೆ: ಹೆದ್ದಾರಿ ಎಷ್ಟು ಪಾಲು ಹೆಚ್ಚಿತೋ ವಾಹನಗಳ ಓಡಾಟವೂ ಅಷ್ಟೇ ಪಾಲು ಹೆಚ್ಚಿತು. ಬಸ್ಸು ಹೆಚ್ಚಿಸಿದರೂ ಓಡಾಟ ತಗ್ಗಲಿಲ್ಲವೆಂದೂ ಅವರು ಹೇಳಿದರು. ಇದನ್ನು ಮುಚ್ಚಿಡಬೇಕಾಗಿಲ್ಲ. ನಾವು ಬಸ್ಸು ಕೇಳುವುದು ಕಾರಿನವರಿಗೆ ದಾರಿ ಖಾಲಿಯಾಗಲೆಂದಲ್ಲ. ಕಾರಿಲ್ಲದವನು ಹೊತ್ತಿಗೆ ಸರಿಯಾಗಿ ಕೆಲಸ ಮುಟ್ಟಲೆಂದು. 2023ರ ಜೂನ್ 11ರಿಂದ ಕರ್ನಾಟಕದ ಸರಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ಟಿನ ಹಣವಿಲ್ಲವೆಂದಾಗ ಬಸ್ಸುಗಳು ತುಂಬಿ ತುಳುಕಿದವು. ಓಡಾಡಬೇಕೆಂದಿದ್ದವರು ಅಷ್ಟು ಮಂದಿ ಇದ್ದರು, ದಾರಿಯೂ ಇತ್ತು; ಅಡ್ಡವಾಗಿದ್ದದ್ದು ಟಿಕೆಟ್ಟಿನ ಹಣ.

ಪೇಟೆಯ ಮಿತ್ರರಿಗೂ ಒಂದು ಮಾತು. ರಸ್ತೆ ಅಗಲವಾಗುವಾಗ ಮೊದಲು ಹೋಗುವುದು ನಿಮ್ಮ ಅಂಗಡಿಯ ಮುಂಭಾಗ. ನಿಮ್ಮ ಗಿರಾಕಿಗಳಲ್ಲಿ ಕಾರಿಳಿದು ಬರುವವರೆಷ್ಟು, ಬಸ್ಸಿಳಿದು ನಡೆದು ಬರುವವರೆಷ್ಟು ಎಂದು ಒಂದು ವಾರ ಎಣಿಸಿ ನೋಡಿ. ಒಂದು ಬಸ್ಸಿನ ಜಾಗದಲ್ಲಿ ಎರಡು ಮೂರು ಕಾರು ನಿಂತಾವು. ಬಸ್ಸಿನಲ್ಲಿ ಐವತ್ತು ಗಿರಾಕಿಗಳು, ಆ ಕಾರುಗಳಲ್ಲಿ ಐದಾರು ಮಂದಿ.

ಆದುದರಿಂದ, ನಿಮ್ಮ ಊರಿನ ರಸ್ತೆಗೆ ಹಣ ಮಂಜೂರಾಯಿತೆಂಬ ಸುದ್ದಿ ಬಂದಾಗ ಎಷ್ಟು ಗಾಡಿ ಓಡಾವು ಎಂದು ಕೇಳಬೇಡಿ. ಎಷ್ಟು ಜನ ಹೋದಾರು, ಕಾಲುದಾರಿ ಎಷ್ಟಗಲ, ಬಸ್ಸಿಗೆ ಪ್ರತ್ಯೇಕ ಜಾಗವುಂಟೇ, ಬೀದಿಯಲ್ಲಿ ಕಾರು ನಿಲ್ಲಿಸುವವನು ಬಾಡಿಗೆ ಕೊಡುತ್ತಾನೆಯೇ ಎಂದು ಕೇಳಿರಿ. ನಗರಸಭೆಯಲ್ಲಿ ಕೇಳಿರಿ, ಓಟು ಕೇಳಲು ಬಂದವರ ಮುಂದೆ ಕೇಳಿರಿ. ಇಂದು ಹಾಕುವ ರಸ್ತೆ ಐವತ್ತು ವರ್ಷ ಇರುತ್ತದೆ. ನಮ್ಮ ಮಕ್ಕಳು ಹೇಗೆ ಓಡಾಡಬೇಕೆಂಬುದು ಅದರ ನಕ್ಷೆಯಲ್ಲಿಯೇ ತೀರ್ಮಾನವಾಗುತ್ತದೆ. ಆ ನಕ್ಷೆ ಬರೆಯುವಾಗ ನೀವೂ ಅಲ್ಲಿರಬೇಕು.