ಶಿಶುಗಳ ಅಕ್ಷರಾಭ್ಯಾಸವೂ ಮೊಬೈಲೂ



ಮರಳಿನಲ್ಲಿ ಅಕ್ಷರ ತಿದ್ದುವುದಕ್ಕೆ ಬಹು ಮೊದಲೇ, ತಾಯಿಯ ಮಾತಿನಲ್ಲಿ ಪ್ರಾಸವನ್ನು ಗುರುತಿಸುವಾಗಲೇ, ಶಿಶುವಿನ ಓದಿಗೆ ಬೀಜಾಂಕುರವಾಗುವುದು. ಈ ಕಾರ್ಯಕ್ಕೆ ಮೊಬೈಲು ಸಹಾಯಕವಾಗಬಲ್ಲುದು. ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆಯು 2015ರಲ್ಲಿ ತೆರೆದ ಸ್ಟೋರಿವೀವರ್ ಎಂಬ ತಾಣದಲ್ಲಿ ಕನ್ನಡದ ಸಚಿತ್ರ ಕಥೆಗಳು ಉಚಿತವಾಗಿ ದೊರೆಯುವುವು. ಓದಬಲ್ಲವರು ಸಾಲಿನ ಕೆಳಗೆ ಬೆರಳಿಟ್ಟು ಓದತಕ್ಕದ್ದು. ಬರಹವು ಎಡದಿಂದ ಬಲಕ್ಕೆ ಸಾಗುವುದೆಂದು ಮಗುವು ಇದರಿಂದ ಅರಿಯುವುದು. ಓದಲು ಬಾರದ ತಾಯಿಯು ಚಿತ್ರವನ್ನು ತೋರಿಸಿ, “ಇದೇನು? ಮುಂದೇನಾದೀತು?” ಎಂದು ಕೇಳಿದರೂ ಸಾಕು, ಅವಳೂ ಗುರುವೇ ಆಗುವಳು.

ಆದರೆ ಯಂತ್ರವನ್ನು ಕೂಸಿನ ಕೈಗಿತ್ತು ಹೆತ್ತವರು ದೂರ ಸರಿದರೆ ಫಲವು ಕೆಡುವುದು. ಎರಡರಿಂದ ನಾಲ್ಕು ವರ್ಷದ ಮಕ್ಕಳು ದಿನಕ್ಕೆ 1 ಗಂಟೆಗಿಂತ ಹೆಚ್ಚು ಕಾಲ ಪರದೆಯ ಮುಂದೆ ಕೂಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಸೂಚಿಸಿದೆ. ಆದುದರಿಂದ ಕಥೆ ಮುಗಿದೊಡನೆ ಯಂತ್ರವನ್ನು ಬದಿಗಿರಿಸಿ, ಅದೇ ಕಥೆಯನ್ನು ಮಗುವಿನ ಬಾಯಿಂದ ಕೇಳಿರಿ.