ಐರ್ಲೆಂಡಿನ ಮೂರು ಬೀಗಗಳು



ಶಾಂತಿಪಾಲನೆ ಎಂದೊಡನೆ ನಮ್ಮ ಕಣ್ಣ ಮುಂದೆ ಸುಳಿಯುವುದು ವಿಶ್ವಸಂಸ್ಥೆಯ ನೀಲಿ ಟೊಪ್ಪಿ. ಅದನ್ನು ಧರಿಸಿದ ಯೋಧ ಯಾರ ಅನುಮತಿಯಿಂದ ಪರರ ನೆಲದಲ್ಲಿ ನಿಂತಿದ್ದಾನೆಂದು ನಾವು ಕೇಳುವುದು ಅಪರೂಪ. ಐರ್ಲೆಂಡ್ ಎಂಬ ಪುಟ್ಟ ದೇಶ ಅದನ್ನು ಆರು ದಶಕಗಳಿಂದ ಕೇಳಿಕೊಳ್ಳುತ್ತಾ ಬಂದಿದೆ.

ಅಲ್ಲಿನ ಕಾನೂನಿನ ಪ್ರಕಾರ ಹನ್ನೆರಡಕ್ಕಿಂತ ಹೆಚ್ಚು ಸಶಸ್ತ್ರ ಯೋಧರನ್ನು ಇಂತಹ ಕಾರ್ಯಕ್ಕೆ ಹೊರದೇಶಕ್ಕೆ ಕಳುಹಿಸಬೇಕಾದರೆ ಮೂರು ಬೀಗಗಳು ತೆರೆಯಬೇಕು: ವಿಶ್ವಸಂಸ್ಥೆಯ ಸಮ್ಮತಿ, ಸರಕಾರದ ತೀರ್ಮಾನ ಮತ್ತು ಸಂಸತ್ತಿನ ಕೆಳಮನೆಯ ಒಪ್ಪಿಗೆ. ಇದರ ಬೇರು 1960ರ ಕಾನೂನಿನಲ್ಲಿದೆ. ಆ ವರ್ಷ ಐರಿಷ್ ಯೋಧರು ದಪ್ಪ ಉಣ್ಣೆಯ ಸಮವಸ್ತ್ರ ತೊಟ್ಟು ಕಾಂಗೋದ ಸುಡುಬಿಸಿಲಿಗೆ ಇಳಿದರು. ನವೆಂಬರ್ 8ರಂದು ನಿಯೆಂಬಾ ಎಂಬಲ್ಲಿ ಹನ್ನೊಂದು ಮಂದಿಯ ಗಸ್ತು ತಂಡದಲ್ಲಿ ಒಂಬತ್ತು ಮಂದಿ ಹತರಾದರು. ಸೈನಿಕನನ್ನು ಕಳುಹಿಸುವುದೆಂದರೆ ಏನೆಂದು ಡಬ್ಲಿನ್ನಿನ ಬೀದಿಗಳು ಅಂದು ಅರಿತವು.

ತರುವಾಯ ಸೈಪ್ರಸ್ ಬಂತು. ಅಲ್ಲಿ ವಿಶ್ವಸಂಸ್ಥೆಯ ಪಡೆಯ ದಂಡನಾಯಕರಾಗಿದ್ದು 1965ರಲ್ಲಿ ಅಲ್ಲಿಯೇ ನಿಧನರಾದವರು ನಮ್ಮ ಕೊಡಗಿನ ಜನರಲ್ ತಿಮ್ಮಯ್ಯನವರು ಎಂಬುದನ್ನು ನಾವು ಮರೆಯಬಾರದು. 1978ರಿಂದ ಐರಿಷ್ ಯೋಧರು ದಕ್ಷಿಣ ಲೆಬನಾನಿನಲ್ಲಿ ಸೇವೆ ಸಲ್ಲಿಸಿದರು. 40ಕ್ಕೂ ಅಧಿಕ ಮಂದಿ ಅಲ್ಲಿ ಪ್ರಾಣ ತೆತ್ತರು. ತಿಬ್ನೀನ್ ಪಟ್ಟಣದ ಅನಾಥಾಲಯಕ್ಕೆ ಅವರು ದಶಕಗಳ ಕಾಲ ನೆರವಾದರು. ಹಿಂದೊಮ್ಮೆ ಬ್ರಿಟನ್ನಿನ ಆಳ್ವಿಕೆಯಲ್ಲಿ ನರಳಿದ, ತನ್ನದೆಂಬ ಒಂದು ವಸಾಹತೂ ಇಲ್ಲದ ದೇಶದವರು ವಿಶ್ವಸಂಸ್ಥೆಯ ಧ್ವಜದಡಿ ಬಂದರೆ ಹಳ್ಳಿಗರು ಅನುಮಾನಿಸುವುದು ಕಡಿಮೆ. ಈ ವಿಶ್ವಾಸವನ್ನು ಬಂದೂಕಿನಿಂದ ಗಳಿಸಲಾಗದು.

2025ರಲ್ಲಿ ಐರಿಷ್ ಸರಕಾರ ಮೊದಲ ಬೀಗವನ್ನೇ ಕಳಚಲು, ಹನ್ನೆರಡರ ಮಿತಿಯನ್ನು ಐವತ್ತಕ್ಕೇರಿಸಲು ಮಸೂದೆಯೊಂದನ್ನು ಮುಂದಿಟ್ಟಿತು. ಅದರ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಭದ್ರತಾ ಮಂಡಳಿಯಲ್ಲಿ ಐದು ಬಲಾಢ್ಯರಿಗೆ ನಿಷೇಧಾಧಿಕಾರವಿದೆ. ಮೆಸಿಡೋನಿಯಾ ತೈವಾನನ್ನು ಮಾನ್ಯ ಮಾಡಿತೆಂಬ ಸಿಟ್ಟಿಗೆ ಚೀನಾ 1999ರಲ್ಲಿ ಅಲ್ಲಿನ ಶಾಂತಿಪಡೆಯ ವಿಸ್ತರಣೆಯನ್ನು ತಡೆಯಿತು. 2003ರಲ್ಲಿ ಯುರೋಪ್ ಒಕ್ಕೂಟ ಅಲ್ಲಿಗೆ ತನ್ನ ಪಡೆ ಕಳುಹಿಸಿದಾಗ ಐರ್ಲೆಂಡಿಗೆ ಸೇರಲಾಗಲಿಲ್ಲ. ನಮ್ಮ ಯೋಧನ ದಾರಿಯನ್ನು ಮಾಸ್ಕೋ ಅಥವಾ ಬೀಜಿಂಗ್ ಏಕೆ ನಿರ್ಧರಿಸಬೇಕು ಎಂಬುದು ಸರಕಾರದ ಪ್ರಶ್ನೆ. ವಾಷಿಂಗ್ಟನ್ನಿನ ಹೆಸರು ಮಾತ್ರ ಈ ಪ್ರಶ್ನೆಯಲ್ಲಿ ಅಷ್ಟಾಗಿ ಕೇಳಿಬರುವುದಿಲ್ಲ! ಗಾಝಾದ ಕದನ ವಿರಾಮದ ನಿರ್ಣಯಗಳಿಗೆ ಮತ್ತೆ ಮತ್ತೆ ಅಡ್ಡಗಾಲಿಟ್ಟವರಾರು?

ಭದ್ರತಾ ಮಂಡಳಿಯ ವ್ಯವಸ್ಥೆ ಅನ್ಯಾಯದ್ದೆಂದು ನಾವೂ ಹೇಳುತ್ತೇವೆ. ಆದರೆ ಬಾಗಿಲು ತುಕ್ಕು ಹಿಡಿದಿದೆಯೆಂದು ಮನೆಯ ಗೋಡೆಯನ್ನೇ ಒಡೆಯುವವರುಂಟೇ? ವಿಶ್ವಸಂಸ್ಥೆಗೆ ಇನ್ನೊಂದು ಬಾಗಿಲಿದೆ. 1956ರಲ್ಲಿ ಸುಯೆಝ್ ಮೇಲೆ ದಾಳಿ ಮಾಡಿದ ಬ್ರಿಟನ್ ಮತ್ತು ಫ್ರಾನ್ಸ್ ಭದ್ರತಾ ಮಂಡಳಿಯನ್ನು ನಿಷ್ಕ್ರಿಯಗೊಳಿಸಿದಾಗ ಮೊತ್ತಮೊದಲ ಸಶಸ್ತ್ರ ಶಾಂತಿಪಡೆಯನ್ನು ರಚಿಸಿದ್ದು ಸಾಮಾನ್ಯ ಸಭೆ. ಅಲ್ಲಿ ಐರ್ಲೆಂಡಿಗೂ ಅಮೆರಿಕಕ್ಕೂ ಒಂದೊಂದೇ ಮತ. ಐರ್ಲೆಂಡಿನ 2006ರ ಕಾನೂನು ಸಾಮಾನ್ಯ ಸಭೆಯ ನಿರ್ಣಯವನ್ನೂ ಸ್ಪಷ್ಟವಾಗಿ ಮಾನ್ಯ ಮಾಡುತ್ತದೆ. ಕೈಯಲ್ಲಿರುವ ಈ ಕೀಲಿಯನ್ನು ಬಳಸಲು ಯತ್ನಿಸದೆ ಬೀಗವನ್ನು ದೂರುವುದನ್ನು ನಾವು ಪ್ರಾಮಾಣಿಕತೆ ಎನ್ನಲಾರೆವು.

ಸಂಸತ್ತಿನ ಒಪ್ಪಿಗೆ ಹೇಗೂ ಉಳಿಯುತ್ತದಲ್ಲ ಎನ್ನುವವರಿದ್ದಾರೆ. ಬಹುಮತವಿರುವ ಸರಕಾರಕ್ಕೆ ಅದೆಷ್ಟು ಕಷ್ಟ? 2003ರಲ್ಲಿ ಶಾನನ್ ವಿಮಾನ ನಿಲ್ದಾಣದ ಮೂಲಕ ಅಮೆರಿಕದ ಸೈನಿಕರು ಇರಾಕಿನತ್ತ ಸಾಗಿದಾಗ ಅದೇ ಸಂಸತ್ತಿನ ಬಹುಮತ ಸಮ್ಮತಿಸಿತ್ತು, ಡಬ್ಲಿನ್ನಿನ ಬೀದಿಗಳಲ್ಲಿ ಭಾರೀ ಪ್ರತಿಭಟನೆ ನಡೆದಿದ್ದರೂ.

ಲೆಬನಾನಿನ ಶಾಂತಿಪಡೆಯ ಅವಧಿ 2026ರ ಡಿಸೆಂಬರ್ 31ಕ್ಕೆ ಕೊನೆಗೊಳ್ಳಬೇಕೆಂದು ಭದ್ರತಾ ಮಂಡಳಿ 2025ರ ಆಗಸ್ಟ್‌ನಲ್ಲಿ ನಿರ್ಣಯಿಸಿತು. ಐರಿಷ್ ಯೋಧನ ಮುಂದಿನ ಪಯಣ ಎಲ್ಲಿಗೆ? ಆತ ಬಂದಿಳಿಯುವ ಊರಿನ ಜನ ಅವನ ತಲೆಯ ಮೇಲೆ ಯಾವ ಟೊಪ್ಪಿಯನ್ನು ಕಾಣುವರು?